ಪ್ರಶ್ನೋತ್ತರದ ಹೊರಗೆ ಉಳಿದ ಮಕ್ಕಳು

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಗ್ರೂಪ್ ಫೋಟೋ ಇದೆ. ಬಿಳಿ ಫ್ರಾಕು, ಬಿಳಿ ಅಂಗಿ ತೊಟ್ಟ ಮಕ್ಕಳು ಎರಡು ಸಾಲಾಗಿ ನಿಂತಿದ್ದಾರೆ. ಎಲ್ಲರ ಕೈಯಲ್ಲೂ ಮೇಣದ ಬತ್ತಿ, ನಡುವೆ ಸ್ವಾಮಿಗಳು. ಎರಡನೇ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡಿರುವವಳು ನಾನು. ಅದು ನನ್ನ ಪ್ರಥಮ ಪರಮಪ್ರಸಾದದ ದಿನ. ಅದರ ಪಕ್ಕದಲ್ಲಿ ಇನ್ನೊಂದು ಫೋಟೋಗೆಂದು ಅಪ್ಪ ಹೊಡೆದಿಟ್ಟ ಮೊಳೆ ಹಾಗೇ ಉಳಿದಿದೆ. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನ ಗುಂಪಿನ ಫೋಟೋ ಅಲ್ಲಿ ಬರಬೇಕಿತ್ತು. ಆ ಫೋಟೋ ತೆಗೆದರು, ಆದರೆ ಅದರಲ್ಲಿ ಅವನಿಲ್ಲ.

ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿಗೆ ಅವನೂ ನನ್ನ ಜೊತೆ ಬರುತ್ತಿದ್ದ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಟೀಚರ್ ಪ್ರಶ್ನೆ ಓದುವರು, ನಾವೆಲ್ಲ ಒಟ್ಟಿಗೆ ಉತ್ತರ ಕೂಗುವೆವು. ಅವನು ನಮ್ಮ ಬಾಯಿಗಳನ್ನು ನೋಡುತ್ತಿದ್ದ. ಪರೀಕ್ಷೆಯ ದಿನ ಪರಲೋಕ ಮಂತ್ರ, ನಮೋ ಮರಿಯಾ, ವಿಶ್ವಾಸ ಪ್ರಮಾಣ, ಪಶ್ಚಾತ್ತಾಪದ ಜಪ ಇವಿಷ್ಟನ್ನು ಒಪ್ಪಿಸಬೇಕಿತ್ತು. 'ಬಾಯಿಪಾಠ ಒಪ್ಪಿಸದೆ ಹೇಗಮ್ಮ? ಮುಂದಿನ ವರ್ಷ ನೋಡೋಣ' ಎಂದರು. ಬೈದು ಹೇಳಲಿಲ್ಲ, ಬೇಸರದಿಂದಲೇ ಹೇಳಿದರು. ಅವ್ವ ತಲೆ ತಗ್ಗಿಸಿ ಬಂದಳು. ಅಜ್ಜಿ ಮಾತ್ರ ಸ್ವಾಮಿಗಳ ಮನೆಯ ಜಗಲಿಯವರೆಗೆ ಹೋಗಿ, 'ಅವನಿಗೆ ಕಿವಿ ಕೇಳಕಿಲ್ಲ ಸ್ವಾಮೇರೆ, ಕಣ್ಣು ಕಾಣಕಿಲ್ವ?' ಎಂದು ಕೇಳಿದಳು.

ನಮ್ಮದು ಕೆ.ಆರ್. ನಗರ ತಾಲ್ಲೂಕಿನ ಒಂದು ಊರು. ನಾನೀಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಹಳೆಯ ಮೈಸೂರು ಸೀಮೆಯಲ್ಲಿ ಕ್ರೈಸ್ತ ಧರ್ಮೋಪದೇಶ ಮಕ್ಕಳನ್ನೂ ಮನೆಗಳನ್ನೂ ಹೇಗೆ ತಲುಪಿತು ಎಂಬುದು ನನ್ನ ವಿಷಯ. ಮಾರ್ಗದರ್ಶಕರು ಕೇಳಿದಾಗ ಈ ವಿಷಯ ಆರಿಸಿಕೊಂಡದ್ದಕ್ಕೆ ನಾನು ವಿದ್ವತ್ತಿನ ಕಾರಣಗಳನ್ನೇ ಕೊಟ್ಟೆ. ನಿಜವಾದ ಕಾರಣ ಆ ಖಾಲಿ ಮೊಳೆ. ಬಾಯಿಪಾಠ ಬಾರದವನಿಗೆ ಪ್ರಸಾದವಿಲ್ಲ ಎಂಬ ನಿಯಮವನ್ನು ಯಾರು ಮಾಡಿದರು, ಯಾವಾಗ ಮಾಡಿದರು, ನಿಜಕ್ಕೂ ಅಂಥದ್ದೊಂದು ನಿಯಮ ಇತ್ತೇ ಎಂದು ನನಗೆ ತಿಳಿಯಬೇಕಿತ್ತು.

ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿ ಧರ್ಮ ಕಲಿಸುವ ಪದ್ಧತಿ ಯುರೋಪಿನಲ್ಲಿ ಗಟ್ಟಿಯಾದದ್ದು 16ನೇ ಶತಮಾನದಲ್ಲಿ. 1529ರಲ್ಲಿ ಮಾರ್ಟಿನ್ ಲೂಥರ್ ತನ್ನ ಚಿಕ್ಕ ಪ್ರಶ್ನೋತ್ತರದ ಪುಸ್ತಕವನ್ನು ತಂದ. ಕಥೊಲಿಕರು ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಗುರುಗಳಿಗಾಗಿ ದೊಡ್ಡದೊಂದು ಉಪದೇಶ ಗ್ರಂಥವನ್ನೂ, ಅದರ ಜೊತೆಜೊತೆಗೇ ಮಕ್ಕಳಿಗಾಗಿ ಚಿಕ್ಕಚಿಕ್ಕ ಪ್ರಶ್ನೋತ್ತರಗಳನ್ನೂ ತಂದರು. ಎರಡು ಕಡೆಯವರೂ ಜಗಳದ ನಡುವೆ ಇದ್ದವರು. ತಮ್ಮವರು ಯಾರು, ಎದುರಿನವರು ಯಾರು ಎಂದು ಒಂದು ಮಗು ಕೂಡ ತಪ್ಪದೆ ಹೇಳಬೇಕಿತ್ತು. ಅದಕ್ಕೆ ಅಚ್ಚಿನ ಯಂತ್ರ ಒದಗಿ ಬಂತು. ಒಂದೇ ಪ್ರಶ್ನೆಗೆ ಎಲ್ಲ ಊರಲ್ಲೂ ಒಂದೇ ಉತ್ತರ ಬರುವಂತೆ ಮಾಡುವುದು ಆಗ ಮೊದಲ ಬಾರಿಗೆ ಸಾಧ್ಯವಾಯಿತು.

ಆ ಯಂತ್ರ ಭಾರತಕ್ಕೆ ಬಂದ ಮೇಲೆ ಭಾರತೀಯ ಲಿಪಿಯೊಂದರಲ್ಲಿ ಅಚ್ಚಾದ ಮೊದಲ ಪುಸ್ತಕಗಳಲ್ಲೊಂದು ಇಂಥದ್ದೇ ಧರ್ಮೋಪದೇಶ. 1578ರಲ್ಲಿ ಕೊಲ್ಲಂನಲ್ಲಿ ಹೆನ್ರಿಕ್ ಹೆನ್ರಿಕ್ಸ್ ಎಂಬ ಜೆಸ್ವಿಟ್ ಪಾದ್ರಿ ತಮಿಳಿನಲ್ಲಿ ಅಚ್ಚು ಹಾಕಿಸಿದ 'ತಂಬಿರಾನ್ ವಣಕ್ಕಂ' ಹದಿನಾರೇ ಪುಟಗಳ ಚಿಕ್ಕ ಪುಸ್ತಕ. ಕೊಂಕಣಿಯಲ್ಲಿ ಥಾಮಸ್ ಸ್ಟೀಫನ್ಸ್ ಬರೆದ ಧರ್ಮೋಪದೇಶ ಅವರು ತೀರಿಕೊಂಡ ಮೇಲೆ 1622ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾಯಿತು. ನಮ್ಮ ಭಾಷೆಗಳ ಅಚ್ಚಿನ ಚರಿತ್ರೆಯ ಮೊದಲ ಪುಟಗಳಲ್ಲೇ, ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳುತ್ತಿರುವ ಮಗುವೊಂದು ನಿಂತಿದೆ.

ಆ ಮಗುವಿಗೆ ಒಪ್ಪಿಸಿದ ಕೆಲಸ ಬರೀ ಕಲಿಯುವುದಲ್ಲ. 1544ರ ಆರಂಭದಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಕೊಚ್ಚಿಯಿಂದ ರೋಮಿನ ತನ್ನ ಸಂಗಡಿಗರಿಗೆ ಬರೆದ ಪತ್ರವನ್ನು ಈ ವಿಷಯ ಓದುವವರೆಲ್ಲ ಓದಬೇಕು. ಮೀನುಗಾರರ ಕರಾವಳಿಯಲ್ಲಿ ಮಕ್ಕಳು ಎಷ್ಟು ಬೇಗ ಜಪಗಳನ್ನು ಕಲಿಯುತ್ತಾರೆ, ಕಲಿತದ್ದನ್ನು ಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೂ ನೆರೆಯವರಿಗೂ ಹೇಗೆ ಕಲಿಸುತ್ತಾರೆ, ಕಾಯಿಲೆಯವರ ಬಳಿ ತನ್ನ ಬದಲಿಗೆ ಈ ಮಕ್ಕಳೇ ಹೋಗಿ ಹೇಗೆ ಪ್ರಾರ್ಥಿಸುತ್ತಾರೆ ಎಂದೆಲ್ಲ ಆತ ಸಂತೋಷದಿಂದ ಬರೆಯುತ್ತಾನೆ. ಅದೇ ಪತ್ರದಲ್ಲಿ, ಮನೆಯವರು ವಿಗ್ರಹಗಳನ್ನು ಪೂಜಿಸಿದರೆ ಮಕ್ಕಳು ಬಂದು ತನಗೆ ವರದಿ ಒಪ್ಪಿಸುವುದನ್ನೂ, ಆ ವಿಗ್ರಹಗಳನ್ನು ಪುಡಿ ಮಾಡುವುದನ್ನೂ ಅಷ್ಟೇ ಸಂತೋಷದಿಂದ ಬರೆಯುತ್ತಾನೆ. ಮಗು ಮನೆಗೆ ಗುರುವಾದದ್ದು, ಮಗು ಮನೆಯ ಮೇಲೆ ಗೂಢಚಾರನಾದದ್ದು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಧರ್ಮಶಿಕ್ಷಣದಲ್ಲಿ ಎಲ್ಲರನ್ನೂ ಒಳಗೊಳ್ಳುವ ಮಾತನ್ನು ಇವತ್ತು ಆಡುವಾಗ ಈ ಎರಡನೆಯ ಮಗುವನ್ನು ಮರೆತರೆ ಚರಿತ್ರೆ ಅರ್ಧವಾಗುತ್ತದೆ.

ಮೈಸೂರು ಸೀಮೆಗೆ ಈ ಉಪದೇಶ ಬಂದದ್ದು 17ನೇ ಶತಮಾನದ ನಡುಭಾಗದಲ್ಲಿ. ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ತೊಡಗಿಸಿದರು. ಮದುರೆಯಲ್ಲಿ ರಾಬರ್ಟ್ ಡಿ ನೊಬಿಲಿ ತೋರಿಸಿದ್ದ ದಾರಿಯಲ್ಲಿ ಸನ್ಯಾಸಿಯ ಉಡುಪು ಉಟ್ಟು, ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶವನ್ನೂ ಭಾಷೆ ಕಲಿಯುವ ಪಾದ್ರಿಗಳಿಗಾಗಿ ವ್ಯಾಕರಣ, ನಿಘಂಟುಗಳನ್ನೂ ಬರೆದರು. ಅಂದರೆ ನಮ್ಮ ಸೀಮೆಯಲ್ಲಿ ಉಪದೇಶದ ಮೊದಲ ಕೆಲಸ ಪಾದ್ರಿಯೇ ವಿದ್ಯಾರ್ಥಿಯಾಗಿ ಕೂರುವುದಾಗಿತ್ತು.

ಆದರೆ ಪಾದ್ರಿಗಳು ಬೆರಳೆಣಿಕೆಯಷ್ಟು, ಹಳ್ಳಿಗಳು ನೂರಾರು. ಸ್ವಾಮಿಗಳು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬಂದು ಹೋದ ಮೇಲೆ ಊರಿನಲ್ಲಿ ಉಳಿಯುತ್ತಿದ್ದವನು ಉಪದೇಶಿ. ಸತ್ತವರಿಗೆ ಜಪ, ಹುಟ್ಟಿದ ಕೂಸಿಗೆ ತುರ್ತಿನ ದೀಕ್ಷಾಸ್ನಾನ, ಸಂಜೆಯ ಜಪಸರ ಎಲ್ಲವೂ ಅವನದೇ. 1773ರಲ್ಲಿ ಜೆಸ್ವಿಟ್ ಸಭೆಯನ್ನು ಪೋಪರು ರದ್ದು ಮಾಡಿದ ಮೇಲೆ ದಕ್ಷಿಣದ ಈ ಮಿಷನ್ನುಗಳು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಅದೇ ಸಂಸ್ಥೆಯ ಅಬ್ಬೆ ದ್ಯುಬುವಾ. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಸಿಡುಬಿನ ವಿರುದ್ಧ ಸುಮಾರು 25 ಸಾವಿರ ಜನರಿಗೆ ಲಸಿಕೆ ಹಾಕಿಸಿದವರು, ಹಿಂದೂ ಆಚಾರ ವಿಚಾರಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. ಮೂರು ದಶಕ ಇಲ್ಲಿದ್ದು ಫ್ರಾನ್ಸಿಗೆ ಹಿಂತಿರುಗಿದ ಅವರು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಈ ನೆಲದಲ್ಲಿ ಕ್ರೈಸ್ತ ಧರ್ಮ ಬೇರು ಬಿಡುವ ಭರವಸೆ ತಮಗೆ ಉಳಿದಿಲ್ಲ ಎಂಬ ಧಾಟಿಯಲ್ಲಿ ಬರೆದರು.

ಅವರು ಹೋದ ಮೇಲೂ ಬೇರುಗಳು ಇದ್ದವು. ಎಲ್ಲಿದ್ದವು ಎಂದು ಹುಡುಕುವವರು ನಮ್ಮ ತಾಲ್ಲೂಕಿನ ಡೋರನಹಳ್ಳಿಗೆ ಬರಬೇಕು.

ಡೋರನಹಳ್ಳಿಯ ಸಂತ ಅಂತೋಣಿಯವರ ಗುಡಿಯ ಕಥೆಯನ್ನು ನಮ್ಮ ಕಡೆ ಎಲ್ಲ ಮಕ್ಕಳೂ ಬಲ್ಲರು. ಸುಮಾರು ಇನ್ನೂರು ವರ್ಷದ ಹಿಂದೆ ರೈತನೊಬ್ಬ ಹೊಲ ಉಳುತ್ತಿದ್ದಾಗ ನೇಗಿಲಿಗೆ ಒಂದು ಮರದ ಮೂರ್ತಿ ಸಿಕ್ಕಿತಂತೆ. ಅವನು ಕ್ರೈಸ್ತನಲ್ಲ, ಅದು ಯಾರೆಂದು ಅವನಿಗೆ ಗೊತ್ತಿಲ್ಲ. ಗೊಂಬೆ ಎಂದುಕೊಂಡು ಮನೆಗೆ ತಂದು ಮಕ್ಕಳ ಕೈಗೆ ಆಡಲು ಕೊಟ್ಟ. ಆಮೇಲೆ ಮನೆಯಲ್ಲಿ ಕಷ್ಟಗಳು, ಕನಸು, ವಿಚಾರಿಸಿದಾಗ ಇದು ಸಂತ ಅಂತೋಣಿಯ ಮೂರ್ತಿ ಎಂದು ತಿಳಿದದ್ದು, ಚಿಕ್ಕ ಗುಡಿ ಎದ್ದದ್ದು. ಹೇಳುವವರ ಬಾಯಲ್ಲಿ ವಿವರಗಳು ಬದಲಾಗುತ್ತವೆ. ಉಳುಮೆ, ಗೊಂಬೆ, ಮಕ್ಕಳು ಮಾತ್ರ ಬದಲಾಗುವುದಿಲ್ಲ. ಇವತ್ತು ಜೂನ್ 13ರ ಹಬ್ಬಕ್ಕೆ ಸುತ್ತಲ ಜಿಲ್ಲೆಗಳಿಂದಲೂ ಜನ ಬರುತ್ತಾರೆ, ಎಲ್ಲ ಧರ್ಮದವರೂ ಹರಕೆ ಹೊರುತ್ತಾರೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಕಿರಿಯ ಬೆಸಿಲಿಕಾದ ಪದವಿ ಕೊಟ್ಟರು.

ಇದು ಐತಿಹ್ಯ, ದಾಖಲೆಯಲ್ಲ ಎಂದು ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಹೇಳಲೇಬೇಕು. ಆದರೆ ಐತಿಹ್ಯ ಏನನ್ನು ನೆನಪಿಡಲು ಆರಿಸಿಕೊಂಡಿದೆ ಎಂಬುದೂ ಒಂದು ದಾಖಲೆಯೇ. ಕ್ಸೇವಿಯರನ ಪತ್ರದಲ್ಲಿ ಮಕ್ಕಳು ಹಿರಿಯರ ದೇವರನ್ನು ಒಡೆಯುತ್ತಾರೆ. ಡೋರನಹಳ್ಳಿಯ ಕಥೆಯಲ್ಲಿ ಬೇರೆಯವರ ಸಂತನನ್ನು ಮಕ್ಕಳು ಎತ್ತಿಕೊಂಡು ಆಡುತ್ತಾರೆ. ಮಂತ್ರ ಬಾರದವರ, ಪ್ರಶ್ನೆಯನ್ನೇ ಕೇಳದವರ ಮನೆಯಲ್ಲಿ ಸಂತ ಮೊದಲು ಗೊಂಬೆಯಾಗಿ ಇದ್ದ, ಆಮೇಲೆ ದೇವರ ಮನೆಗೆ ಬಂದ. ನಮ್ಮ ಸೀಮೆಯ ಜನ ಧರ್ಮ ಕಲಿತ ಕ್ರಮದ ಬಗ್ಗೆ ಈ ಕಥೆಯಷ್ಟು ಸರಿಯಾದ ವಿವರಣೆ ನನಗೆ ಬೇರೆ ಸಿಕ್ಕಿಲ್ಲ.

19ನೇ ಶತಮಾನದ ನಡುಭಾಗದಿಂದ ಕ್ರಮ ಬದಲಾಗುತ್ತದೆ. ಮೈಸೂರಿನ ಪ್ರೇಷಿತ ಧರ್ಮಾಧಿಕಾರಿಯಾಗಿದ್ದ ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಅಚ್ಚುಕೂಟ ಕೆಲಸ ಶುರು ಮಾಡಿತು. 1855ರಲ್ಲಿ ಕನ್ನಡ–ಲ್ಯಾಟಿನ್, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟುಗಳು ಹೊರಬಂದವು. ಜಪದ ಪುಸ್ತಕ, ಪ್ರಶ್ನೋತ್ತರದ ಪುಸ್ತಕ ಹಳ್ಳಿಗಳಿಗೆ ಬಂದವು. ಶಾಲೆಗಳು ಬಂದವು, 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು. ಇದರಿಂದ ಆದ ಒಳ್ಳೆಯದನ್ನು ಅಲ್ಲಗಳೆಯಲಾರೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಓದು ಬರಹ ಮೊದಲು ಬಂದದ್ದೇ ಜಪದ ಪುಸ್ತಕದ ಮೂಲಕ. ಆದರೆ ಪುಸ್ತಕ ಬಂದ ಮೇಲೆ ಪರೀಕ್ಷೆಯೂ ಬಂತು. ಗೊತ್ತಿರುವುದು ಎಂದರೆ ಒಪ್ಪಿಸುವುದು ಎಂದಾಯಿತು.

ಇಲ್ಲಿ ನಾನು ಹುಡುಕುತ್ತಿದ್ದ ನಿಯಮದ ಬಳಿ ಬಂದೆ, ಮತ್ತು ಆಶ್ಚರ್ಯಪಟ್ಟೆ. 1910ರ ಆಗಸ್ಟಿನಲ್ಲಿ ಹತ್ತನೇ ಭಕ್ತಿನಾಥ, ಅಂದರೆ ಪೋಪ್ ಹತ್ತನೇ ಪಯಸ್, ಒಂದು ಆದೇಶ ಹೊರಡಿಸಿದರು. ಅದಕ್ಕೆ ಮೊದಲು ಯುರೋಪಿನ ಎಷ್ಟೋ ಕಡೆ ಮಕ್ಕಳು ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷದವರೆಗೂ ಪ್ರಸಾದಕ್ಕೆ ಕಾಯಬೇಕಿತ್ತು. ಎಲ್ಲವನ್ನೂ ಕಲಿತು ಮುಗಿಸಲಿ ಎಂಬುದು ಕಾರಣ. ಆ ಕಾಯುವಿಕೆ ತಪ್ಪು ಎಂದು ಆದೇಶ ಹೇಳಿತು. ಮಗುವಿಗೆ ಸುಮಾರು ಏಳು ವರ್ಷವಾಗಿ ವಿವೇಚನೆ ಮೂಡಿದರೆ ಸಾಕು, ಧರ್ಮದ ಪೂರ್ತಿ ಜ್ಞಾನ ಬೇಕಿಲ್ಲ, ಪ್ರಸಾದದ ರೊಟ್ಟಿಗೂ ದಿನನಿತ್ಯದ ರೊಟ್ಟಿಗೂ ಇರುವ ವ್ಯತ್ಯಾಸ ತಿಳಿದಿದ್ದರೆ ಸಾಕು ಎಂಬುದು ಅದರ ಸಾರ.

ಅದನ್ನು ಓದಿದ ದಿನ ನಾನು ಗ್ರಂಥಾಲಯದಿಂದ ಎದ್ದು ಹೊರಗೆ ಬಂದು ಕುಳಿತೆ. ತಮ್ಮ ಮನೆಯಲ್ಲಿ ಮುದ್ದೆ ಉಣ್ಣುವಾಗ ಸಾರಿಗೆ ಕೈ ಅದ್ದಿ ಮೊಣಕೈವರೆಗೆ ಇಳಿಸಿಕೊಳ್ಳುತ್ತಿದ್ದವನು. ಅದೇ ಹುಡುಗ ಗುಡಿಯಲ್ಲಿ ಪ್ರಸಾದದ ಸಾಲು ಹೊರಟ ಕೂಡಲೇ ಎರಡೂ ಕೈ ಮುಗಿದು, ತುಟಿ ಬಿಗಿದು, ನಮ್ಮ ಹಿಂದೆ ಕಣ್ಣಾಡಿಸದೆ ಕೂರುತ್ತಿದ್ದ. ವ್ಯತ್ಯಾಸ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನೂರು ವರ್ಷ ಹಿಂದೆಯೇ ರೋಮಿನಲ್ಲಿ ತೆರೆದಿದ್ದ ಬಾಗಿಲು ನಮ್ಮೂರಲ್ಲಿ ಮುಚ್ಚಿತ್ತು. ಮುಚ್ಚಿದ್ದು ಕಾನೂನಲ್ಲ, ರೂಢಿ.

ಕಿವುಡು ಮಕ್ಕಳ ವಿಷಯದಲ್ಲಿ ಈ ಚರಿತ್ರೆಗೆ ಇನ್ನೊಂದು ಎಳೆಯೂ ಇದೆ. ದ್ಯುಬುವಾ ಹುಟ್ಟುವುದಕ್ಕೆ ಕೆಲವೇ ವರ್ಷ ಮೊದಲು, 1760ರ ಸುಮಾರಿಗೆ, ಪ್ಯಾರಿಸ್ಸಿನಲ್ಲಿ ಇನ್ನೊಬ್ಬ ಅಬ್ಬೆ, ಶಾರ್ಲ್ ಮಿಷೆಲ್ ದ ಲೆಪೆ, ಇಬ್ಬರು ಕಿವುಡು ಅಕ್ಕತಂಗಿಯರನ್ನು ಕಂಡರು. ಅವರಿಗೆ ಚಿತ್ರ ತೋರಿಸಿ ಧರ್ಮ ಕಲಿಸುತ್ತಿದ್ದ ಪಾದ್ರಿ ತೀರಿಕೊಂಡಿದ್ದ. ಇವರು ದೇವರ ವಿಷಯ ಏನೂ ತಿಳಿಯದೆ ಬದುಕಿ ಸಾಯಬೇಕೇ ಎಂಬ ಸಂಕಟದಿಂದ ಆ ಅಬ್ಬೆ ಅವರಿಗೆ ಕಲಿಸಲು ತೊಡಗಿದ. ಮಾಡಿದ ದೊಡ್ಡ ಕೆಲಸವೆಂದರೆ, ಅವರ ಬಾಯಿಗೆ ಮಾತು ತುರುಕುವ ಬದಲು, ಕಿವುಡರು ತಮ್ಮತಮ್ಮಲ್ಲಿ ಆಡುತ್ತಿದ್ದ ಕೈಸನ್ನೆಗಳನ್ನು ತಾನೇ ಕಲಿತದ್ದು. ಜಗತ್ತಿನಲ್ಲಿ ಕಿವುಡರ ಸಾರ್ವಜನಿಕ ಶಾಲೆಗಳ ಚರಿತ್ರೆ ಅವನ ಮನೆಯ ಆ ತರಗತಿಯಿಂದ ಶುರುವಾಗುತ್ತದೆ. ಅಂದರೆ ಸನ್ನೆಭಾಷೆಯ ಶಿಕ್ಷಣ ಶುರುವಾದದ್ದೇ ಧರ್ಮೋಪದೇಶಕ್ಕಾಗಿ. ಚಿನ್ನಮಿ ಕನ್ನಡ ಕಲಿಯಲು ಕೂತ ಹಾಗೆಯೇ ಆತ ಸನ್ನೆ ಕಲಿಯಲು ಕೂತ.

ನಮ್ಮ ಮನೆಯಲ್ಲಿ ಈ ಕೆಲಸವನ್ನು ಓದು ಬಾರದ ಅಜ್ಜಿ ಮಾಡಿದಳು. ಅವ್ವ ತಮ್ಮನನ್ನು ಎತ್ತಿಕೊಂಡು ಬಸ್ಸು ಹತ್ತಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಬರುತ್ತಿದ್ದಳು. 1965ರಲ್ಲಿ ಶುರುವಾದ ಆ ಸಂಸ್ಥೆ ದೇಶದಲ್ಲೇ ಹೆಸರಾದದ್ದು. ಅಲ್ಲಿ ಅವನಿಗೆ ಯಂತ್ರ ಕೊಟ್ಟರು, ತುಟಿ ನೋಡಲು ಕಲಿಸಿದರು. ಊರಿಗೆ ಬಂದ ಮೇಲೆ ಸಂಜೆ ಜಪಸರದ ಹೊತ್ತಿಗೆ ಅಜ್ಜಿ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಎಡಗೈ ಮಡಚಿ ಅದರ ಮೇಲೆ ಕೂಸು ಇಟ್ಟುಕೊಂಡಂತೆ ತೋರಿಸಿದರೆ ಸಂತ ಅಂತೋಣಿ. ಸೆರಗು ತಲೆಗೆ ಎಳೆದುಕೊಂಡರೆ ಮಾತೆ ಮರಿಯ. ಎರಡು ಅಂಗೈ ನಡುವೆ ಬೆರಳೂರಿದರೆ ಯೇಸು. ಮೂಗಿನ ಬೊಟ್ಟು ಮುಟ್ಟಿದರೆ ಅದು ನಾನು, ಅಕ್ಕ. ಇವು ಯಾವ ಪುಸ್ತಕದ ಸನ್ನೆಗಳೂ ಅಲ್ಲ. ಡೋರನಹಳ್ಳಿಯ ಮೂರ್ತಿ ಸಿಕ್ಕಿದ ಕಥೆಯನ್ನು ಅವಳು ನೇಗಿಲು ಹಿಡಿದವನಂತೆ ಬಾಗಿ, ಎಡವಿದಂತೆ ನಿಂತು, ಮಣ್ಣು ಒರೆಸಿ ಮಗುವಿನ ಕೈಗೆ ಕೊಟ್ಟಂತೆ ಆಡಿ ತೋರಿಸುತ್ತಿದ್ದಳು. ಅವನು ನಗುತ್ತಿದ್ದ. ಮತ್ತೆ ಮತ್ತೆ ಆಡಿಸುತ್ತಿದ್ದ.

ಸಂಶೋಧನೆಗೆಂದು ನಾನು ಅಜ್ಜಿಯ ಮಾತುಗಳನ್ನು ಮುದ್ರಿಸಿಕೊಂಡಾಗ ಅವಳು ತನ್ನ ಹುಡುಗಿತನದ ಲ್ಯಾಟಿನ್ ಪೂಜೆಯನ್ನು ನೆನೆದಳು. ಸ್ವಾಮಿಗಳು ಬೆನ್ನು ತಿರುಗಿಸಿ ನಿಂತು ಏನೋ ಹೇಳುತ್ತಿದ್ದರಂತೆ. ಘಂಟೆ, ಧೂಪ, ಮೊಣಕಾಲೂರುವುದು, ಎದೆ ಬಡಿದುಕೊಳ್ಳುವುದು, ಇವುಗಳಿಂದಲೇ ಪೂಜೆ ಎಲ್ಲಿಗೆ ಬಂತು ಎಂದು ತಿಳಿಯುತ್ತಿತ್ತಂತೆ. 'ಆಗ ನಮ್ಗೂ ಏನೂ ಕೇಳುಸ್ತಿರ್ಲಿಲ್ಲ ಕಣವ್ವ. ಎಲ್ರೂ ಇವನಂಗೇ ನೋಡ್ಕಂಡು ಕಲ್ತೋರು' ಎಂದಳು.

ಈ ಒಂದು ಮಾತು ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ತಲೆಕೆಳಗು ಮಾಡಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಯನ್ನು ಜನರ ಭಾಷೆಯಲ್ಲಿ ಮಾಡಲು ದಾರಿ ಮಾಡಿತು. ನಾನು ಇದನ್ನು ಎಲ್ಲರನ್ನೂ ಒಳಗೆ ಕರೆದುಕೊಂಡ ಘಟನೆ ಎಂದೇ ಬರೆದಿದ್ದೆ. ಅದು ನಿಜವೂ ಹೌದು. ಕನ್ನಡದಲ್ಲಿ ಪೂಜೆ ಕೇಳಿದ ದಿನ ಅಜ್ಜಿ ಅತ್ತಿದ್ದಳಂತೆ. ಆದರೆ ಪೂಜೆ ಕನ್ನಡವಾದ ಮೇಲೆ ಕೇಳಿಸಿಕೊಳ್ಳುವುದು ಮುಖ್ಯವಾಯಿತು. ಪಾಠ, ಪ್ರಬೋಧನೆ, ಹಾಡು, ಮೈಕು ಎಲ್ಲವೂ ಕಿವಿಯ ದಾರಿ. ಲ್ಯಾಟಿನ್ ಕಾಲದಲ್ಲಿ ಊರಿಗೆ ಊರೇ ಕಣ್ಣಿನಿಂದ ಕಲಿಯುತ್ತಿದ್ದಾಗ ಒಬ್ಬ ಕಿವುಡ ಹುಡುಗ ಉಳಿದವರಿಗಿಂತ ಹೆಚ್ಚು ಬೇರೆಯಾಗಿರಲಿಲ್ಲ. ಬಹುಮಂದಿಗೆ ಬಾಗಿಲು ತೆರೆದಾಗಲೇ ಕೆಲವರು ಇನ್ನಷ್ಟು ಹೊರಗಾದರು. ಲ್ಯಾಟಿನ್ನೇ ಒಳ್ಳೆಯದಿತ್ತು ಎಂದು ಇದರ ಅರ್ಥವಲ್ಲ. ಪ್ರತಿ ಸುಧಾರಣೆಯ ನಂತರವೂ ಈಗ ಹೊರಗೆ ನಿಂತವರು ಯಾರು ಎಂದು ಮತ್ತೆ ಕೇಳಬೇಕು ಎಂದಷ್ಟೇ ಅರ್ಥ.

ಈ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಕೇಳಿದವರು ಇದ್ದರು. ಡಿ.ಎಸ್. ಅಮಲೋರ್ಪವದಾಸ್ ತಮಿಳುನಾಡಿನವರು, ಪ್ಯಾರಿಸ್ಸಿನಲ್ಲಿ ಓದಿ ಬಂದವರು. 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ಧರ್ಮೋಪದೇಶ ಎಂದರೆ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸುವುದಲ್ಲ, ಇಡೀ ಸಮುದಾಯ ತನ್ನ ಬದುಕಿನೊಳಗಿಂದ ಕಲಿಯುವುದು ಎಂಬ ಮಾತನ್ನು ದೇಶದ ಉದ್ದಗಲಕ್ಕೂ ಹೇಳಿದರು. ನೆಲದ ಮೇಲೆ ಕೂರುವುದು, ಚಪ್ಪಲಿ ಬಿಡುವುದು, ಅಂಜಲಿ ಮುದ್ರೆಯ ನಮಸ್ಕಾರ, ಎಣ್ಣೆ ದೀಪ ಮೊದಲಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟದ್ದು ಈ ಚಳವಳಿಯ ಫಲ. 1970ರ ದಶಕದ ಕೊನೆಗೆ ಅವರು ಮೈಸೂರಿಗೆ ಬಂದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ವಿಭಾಗವನ್ನು ಕಟ್ಟಿದರು, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅವರ ದಾರಿಗೂ ಪ್ರಶ್ನೆಗಳು ಎದುರಾದವು. ಆರತಿ, ಆಶ್ರಮ, ಸಂಸ್ಕೃತದ ಮಾತುಗಳು ಯಾರ ಸಂಸ್ಕೃತಿ ಎಂದು ದಲಿತ ಕ್ರೈಸ್ತರು ಕೇಳಿದರು. ಯಾವ ಗುಡಿಯೊಳಗೆ ತಮ್ಮ ಹಿರಿಯರನ್ನು ಬಿಟ್ಟುಕೊಂಡಿರಲಿಲ್ಲವೋ ಆ ಗುಡಿಯ ಚಿಹ್ನೆಗಳನ್ನೇ ಚರ್ಚಿನೊಳಗೆ ತಂದು ಇದು ನಿಮ್ಮದು ಎಂದರೆ ಹೇಗೆ ಎಂಬುದು ಅವರ ಪ್ರಶ್ನೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಚರ್ಚಿನೊಳಗೆ ಜಾತಿ ಇಲ್ಲ ಎಂಬುದು ಸುಳ್ಳು ಎಂದು ಭಾರತದ ಕಥೊಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ತನ್ನ ದಲಿತ ನೀತಿಯಲ್ಲಿ ತಾನೇ ಒಪ್ಪಿಕೊಂಡಿತು. ಎಲ್ಲರೂ ಒಂದೇ ಕುಟುಂಬ ಎಂದು ಭಾನುವಾರದ ತರಗತಿಯಲ್ಲಿ ಕಲಿಸುವಾಗ ಹಿಂದಿನ ಬೆಂಚಿನ ಮಗು ಇನ್ನೇನನ್ನು ನೋಡಿ ಕಲಿಯುತ್ತಿದೆ ಎಂಬುದೂ ಉಪದೇಶದ ಭಾಗವೇ.

ಕಳೆದ ವರ್ಷಗಳಲ್ಲಿ ನಾನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಿದ್ದೇನೆ. ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಭಾನುವಾರದ ತರಗತಿ ಅರ್ಧ ಖಾಲಿ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ಮನೆಯ ಎಲ್ಲ ಕೈಗಳೂ ಬೇಕು, ರಾತ್ರಿ ಬೆಂಕಿ ಕಾಯಬೇಕು. ಕಟ್ಟೆಮಳಲವಾಡಿಯ ಹರಾಜಿನಲ್ಲಿ ದರ ಬಿದ್ದ ವಾರ ಮನೆಯಲ್ಲಿ ಜಪಕ್ಕೂ ಮನಸ್ಸಿರುವುದಿಲ್ಲ. ಹೆಗ್ಗಡದೇವನಕೋಟೆಯ ಕಡೆ ವಯನಾಡಿನ ಗಡಿ ಹತ್ತಿರ; ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. 2010ರಲ್ಲಿ ಮಂಡ್ಯ ಸಿರೋ ಮಲಬಾರ್ ಧರ್ಮಕ್ಷೇತ್ರವಾದ ಮೇಲೆ ಮೈಸೂರು ಜಿಲ್ಲೆಯಲ್ಲಿ ಕಥೊಲಿಕರದೇ ಎರಡು ಪದ್ಧತಿಗಳು ಅಕ್ಕಪಕ್ಕ ನಡೆಯುತ್ತಿವೆ. ಕಾಡಂಚಿನ ಹಾಡಿಗಳ ಜೇನುಕುರುಬ ಮಕ್ಕಳಿಗೆ ಪಠ್ಯದ ಕನ್ನಡವೇ ಎರಡನೇ ಭಾಷೆ. ಅಪ್ಪ ಒಂದು ಧರ್ಮ, ಅವ್ವ ಒಂದು ಧರ್ಮದ ಮನೆಗಳು ಎಲ್ಲ ಕಡೆ ಇವೆ. ಹೊರಗೆ ಉಳಿಯುವುದಕ್ಕೆ ಕಿವುಡೇ ಆಗಬೇಕಿಲ್ಲ. ಒಂದು ಮನೆಯ ಕೆಲಸ, ಭಾಷೆ, ಬಡತನ, ಮದುವೆ ಇವುಗಳಲ್ಲಿ ಯಾವುದಾದರೂ ಸಾಕು.

ಕಾನೂನು ನಮ್ಮ ರೂಢಿಗಿಂತ ಮುಂದಿದೆ. ಮಕ್ಕಳಿಗೆ ತಂದೆ ತಾಯಿಯೇ ಮೊದಲ ಗುರುಗಳು ಎಂದು ಮಹಾಸಭೆ 1965ರಲ್ಲೇ ಹೇಳಿತು. ದೇಹ ಅಥವಾ ಬುದ್ಧಿಯ ಅಡ್ಡಿ ಇರುವವರಿಗೂ ಅವರ ಸ್ಥಿತಿಗೆ ತಕ್ಕಂತೆ ಉಪದೇಶ ಸಿಗುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಹೊಣೆ ಎಂದು 1983ರ ಧರ್ಮಸಂಹಿತೆ ಹೇಳುತ್ತದೆ. 2020ರ ಧರ್ಮೋಪದೇಶ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಅಂಗವೈಕಲ್ಯದ ಕಾರಣಕ್ಕೆ ಸಂಸ್ಕಾರಗಳನ್ನು ನಿರಾಕರಿಸುವಂತಿಲ್ಲ, ಅವರು ಕಲಿಯುವವರಷ್ಟೇ ಅಲ್ಲ ಕಲಿಸುವವರೂ ಹೌದು ಎನ್ನುತ್ತದೆ. 2024ರಲ್ಲಿ ಕೇರಳದ ತ್ರಿಶೂರಿನಲ್ಲಿ ಹುಟ್ಟು ಕಿವುಡರೊಬ್ಬರು ಗುರುದೀಕ್ಷೆ ಪಡೆದ ಸುದ್ದಿಯನ್ನು ತಮ್ಮ ತನ್ನ ಫೋನಿನಲ್ಲಿ ನನಗಿಂತ ಮೊದಲು ನೋಡಿದ್ದ. ಆ ಗುರುಗಳು ಸನ್ನೆಯಲ್ಲಿ ಪೂಜೆ ಅರ್ಪಿಸುವ ವಿಡಿಯೋವನ್ನು ಅವನು ಅಂದು ಎಷ್ಟು ಸಲ ನೋಡಿದನೋ.

ತಮ್ಮನಿಗೆ ಪ್ರಸಾದ ಸಿಗದೇ ಹೋಗಲಿಲ್ಲ. ಎರಡು ವರ್ಷದ ನಂತರ ಊರಿಗೆ ಹೊಸದಾಗಿ ಬಂದ ಸ್ವಾಮಿಗಳು ಅಜ್ಜಿಯ ಮಾತು ಕೇಳಿದರು. ಒಂದು ಸಂಜೆ ನಮ್ಮ ಮನೆಗೇ ಬಂದು ಅಜ್ಜಿ ಮೊಮ್ಮಗನ ಸನ್ನೆಯ ಜಪವನ್ನು ಎದುರಿಗೆ ಕೂತು ನೋಡಿದರು. ನೋಡಿ, ಮುಂದಿನ ವಾರದ ದಿನದ ಪೂಜೆಯಲ್ಲಿ ಅವನಿಗೆ ಪ್ರಸಾದ ಕೊಟ್ಟರು. ಅಂದು ಗುಡಿಯಲ್ಲಿ ಹತ್ತು ಹನ್ನೆರಡು ಜನ ಇದ್ದಿರಬೇಕು. ಬಿಳಿ ಅಂಗಿ ಇರಲಿಲ್ಲ, ಶಾಲೆಯ ಯೂನಿಫಾರ್ಮ್ ಇತ್ತು. ಫೋಟೋ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನಿಗೆ ಪ್ರಸಾದ ಸಿಕ್ಕಿತು, ಗುಂಪು ಸಿಗಲಿಲ್ಲ. ಈಗಲೂ ಮನೆಗೆ ಬಂದಾಗ ಒಮ್ಮೊಮ್ಮೆ ಆ ಮೊಳೆಯ ಕಡೆ ಬೆರಳು ತೋರಿ, ತನ್ನ ಎದೆ ಮುಟ್ಟಿ, ಎಲ್ಲಿ ಎಂಬಂತೆ ಅಂಗೈ ತಿರುವುತ್ತಾನೆ. ತಮಾಷೆಗೇ ಮಾಡುತ್ತಾನೆ. ಅವ್ವ ಮಾತ್ರ ಒಳಗೆ ಹೋಗಿಬಿಡುತ್ತಾಳೆ.

ಬೇರೆಯಾಗಿ ಕೊಡುವುದೂ ಕೊಡುವುದೇ ಎಂದು ವಾದಿಸಬಹುದು. ಆದರೆ ಧರ್ಮಶಿಕ್ಷಣದ ಈ ಉದ್ದ ಚರಿತ್ರೆಯಲ್ಲಿ ನನಗೆ ಕಂಡದ್ದು ಇಷ್ಟು: ಕಲಿಸುವವರು ಯಾವಾಗ ತಾವೇ ಕಲಿಯಲು ಕೂತರೋ ಆಗ ಮಾತ್ರ ಹೊಸಬರು ಒಳಗೆ ಬಂದರು. ಚಿನ್ನಮಿಗೆ ಕನ್ನಡ, ಲೆಪೆಗೆ ಸನ್ನೆ, ನಮ್ಮೂರಿಗೆ ಬಂದ ಆ ಸ್ವಾಮಿಗಳಿಗೆ ಅಜ್ಜಿಯ ಕೈಗಳು. ಅಂದು ತರಗತಿಯ ಉಳಿದ ಹದಿಮೂರು ಹದಿನಾಲ್ಕು ಮಕ್ಕಳಿಗೂ ಪರಲೋಕ ಮಂತ್ರವನ್ನು ಸನ್ನೆಯಲ್ಲಿ ಕಲಿಸಿದ್ದರೆ ಒಂದು ತಿಂಗಳೂ ಹಿಡಿಯುತ್ತಿರಲಿಲ್ಲ. ಮಕ್ಕಳಿಗೆ ಅದು ಆಟವಾಗುತ್ತಿತ್ತು.

ತಮ್ಮ ಈಗ ಹುಣಸೂರಿನಲ್ಲಿ ಬಡಗಿ ಕೆಲಸ ಮಾಡುತ್ತಾನೆ. ಅಜ್ಜಿ ಹೋಗಿ ಮೂರು ವರ್ಷವಾಯಿತು. ಕಳೆದ ಜೂನಿನಲ್ಲಿ ಡೋರನಹಳ್ಳಿಯ ಹಬ್ಬಕ್ಕೆ ಎಲ್ಲರೂ ಹೋಗಿದ್ದೆವು. ಮಳೆ ಹನಿಯುತ್ತಿತ್ತು, ತೇರು ಹೊರಡುವುದು ತಡವಾಗಿತ್ತು. ಚಿಕ್ಕಪ್ಪನ ಮೊಮ್ಮಗಳು, ಐದು ವರ್ಷದವಳು, ಕಾದು ಕಾದು ರಚ್ಚೆ ಹಿಡಿದಿದ್ದಳು. ಅವಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ತಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೇಣಿ ಹಿಡಿದಂತೆ ಮುಷ್ಟಿ ಕಟ್ಟಿ, ಎತ್ತು ಹೊಡೆದ, ತಟ್ಟನೆ ನಿಂತ, ನೆಲದಿಂದ ಏನನ್ನೋ ಎತ್ತಿ ಅಂಗಿಯ ಅಂಚಿನಲ್ಲಿ ಮಣ್ಣು ಒರೆಸಿ ಅವಳ ಕೈಗಿಟ್ಟ. ಅವಳು ಅಳು ನಿಲ್ಲಿಸಿ ತನ್ನ ಖಾಲಿ ಅಂಗೈಯನ್ನು ನೋಡಿದಳು. ಆಮೇಲೆ ಎಡಗೈ ಮಡಚಿ, ಅದರ ಮೇಲೆ ಇಲ್ಲದ ಕೂಸನ್ನು ಕೂರಿಸಿಕೊಂಡು ತೂಗತೊಡಗಿದಳು.